ಪತ್ರ ಕೇಳಲು ಸಂಕೋಚವೇಕೆ?

ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ವಿದ್ಯಾರ್ಥಿಗಳಿಗೆ ಬೇಸಿಗೆಯಲ್ಲಿ ಎರಡು ತಿಂಗಳು ವಿಜ್ಞಾನಿಗಳ ಜೊತೆ ಕೆಲಸ ಮಾಡುವ ಅವಕಾಶ ಕೊಡುತ್ತವೆ. ಸ್ಟೈಪೆಂಡೂ ಉಂಟು. ಅರ್ಜಿಗೆ ಅಧ್ಯಾಪಕರ ಶಿಫಾರಸು ಪತ್ರ ಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಜಾಣ ಮಕ್ಕಳೂ ಇಲ್ಲಿಗೆ ಬಂದು ನಿಂತುಬಿಡುತ್ತಾರೆ. "ಸರ್ ಹತ್ತಿರ ಹೇಗೆ ಕೇಳುವುದು?" ಎಂಬ ಸಂಕೋಚ. ಅಷ್ಟರಲ್ಲಿ ಕೊನೆಯ ದಿನ ದಾಟಿರುತ್ತದೆ.

ಪದವಿಯಿಲ್ಲದ ರಾಮಾನುಜನ್ 1912ರಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟಿನ ಗುಮಾಸ್ತ ಕೆಲಸಕ್ಕೆ ಅರ್ಜಿ ಹಾಕಿದಾಗ, ಜೊತೆಗೆ ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರಾಧ್ಯಾಪಕ ಮಿಡಲ್‌ಮಾಸ್ಟ್ ಅವರ ಪತ್ರವಿತ್ತು. ಅಂಕಪಟ್ಟಿ ಹೇಳಲಾರದ್ದನ್ನು ಆ ಪತ್ರ ಹೇಳಿತು. ಕೆಲಸ ಸಿಕ್ಕಿತು.

ಆದ್ದರಿಂದ ದೊಡ್ಡ ಹುದ್ದೆಯವರನ್ನು ಹುಡುಕಬೇಡಿ, ನಿಮ್ಮನ್ನು ಬಲ್ಲವರನ್ನು ಕೇಳಿ. ಪ್ರಾಂಶುಪಾಲರು ಬರೆದ "ಒಳ್ಳೆಯ ನಡತೆಯ ಹುಡುಗ" ಎಂಬ ಮಾತಿಗಿಂತ, ಟೈಟ್ರೇಶನ್ ರೀಡಿಂಗ್ ತಾಳೆಯಾಗದಾಗ ಪಕ್ಕದವನದ್ದು ನಕಲು ಮಾಡದೆ ನೀವು ಮತ್ತೆ ಮಾಡಿದ್ದನ್ನು ಕಂಡ ಉಪನ್ಯಾಸಕರ ನಾಲ್ಕು ಸಾಲು ಮೇಲು.

ಮೂರು ವಾರ ಮೊದಲೇ ಹೋಗಿ. ಅಂಕಗಳು, ಮಾಡಿದ ಪ್ರಾಜೆಕ್ಟ್, ಕೊನೆಯ ದಿನಾಂಕ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. "ನನ್ನ ಬಗ್ಗೆ ಬರೆಯುವಷ್ಟು ನಿಮಗೆ ಗೊತ್ತುಂಟೇ ಸರ್?" ಎಂದು ಕೇಳಿ. ಇಲ್ಲವೆಂದರೆ ಬೇಸರ ಬೇಡ. ಒಲ್ಲದ ಮನಸ್ಸಿನ ಪತ್ರದಿಂದ ಉಪಯೋಗವಿಲ್ಲ. ಫಲಿತಾಂಶ ಏನೇ ಬರಲಿ, ಬರೆದುಕೊಟ್ಟವರಿಗೆ ತಿಳಿಸಿ.

ಹೆತ್ತವರಿಗೊಂದು ಮಾತು. ಮಗಳ ಪರವಾಗಿ ನೀವು ಹೋಗಬೇಡಿ, ಪರಿಚಯದವರಿಂದ ಹೇಳಿಸಲೂ ಬೇಡಿ. ಸ್ಟಾಫ್ ರೂಮಿನ ಬಾಗಿಲು ಅವಳೇ ತಟ್ಟಲಿ. ನಾಳೆ ದೂರದ ಊರಿನ ಪ್ರಯೋಗಾಲಯದಲ್ಲಿ ಸಂಶಯ ಬಂದಾಗ ಬಾಯಿಬಿಟ್ಟು ಕೇಳಬೇಕಾದವಳೂ ಅವಳೇ ತಾನೆ?