ಪೈಪೋಟಿ ಯಾರ ಜೊತೆ? ತಕ್ಕಡಿ ಯಾರ ಕೈಲಿ?

ಈಗ ಎಲ್ಲರ ಬಾಯಲ್ಲೂ ಒಂದೇ ಮಂತ್ರ: "ಕಾಲ ಬದಲಾಗಿದೆ, ಪೈಪೋಟಿಗೆ ಇಳಿಯಿರಿ." ತರಬೇತಿ ಶಿಬಿರದ ಅಧಿಕಾರಿ ಇದನ್ನೇ ಹೇಳುತ್ತಾನೆ. ಬ್ಯಾಂಕಿನ ಮ್ಯಾನೇಜರೂ ಇದನ್ನೇ ಹೇಳುತ್ತಾನೆ. "ಒಂದು ಮೊಬೈಲ್ ಸಾಕು ಕಣ್ರಯ್ಯ, ನಿಮ್ಮ ಚಪ್ಪಲಿ ಡೆಲ್ಲಿಗೆ ಹೋಗ್ತದೆ, ನಿಮ್ಮ ಕಸೂತಿ ಅಮೆರಿಕಕ್ಕೆ ಹೋಗ್ತದೆ" ಅಂತ ಆಸೆ ಹುಟ್ಟಿಸುತ್ತಾರೆ. ದಾವಣಗೆರೆಯ ರಸ್ತೆ ಬದಿಯಲ್ಲಿ ಹರಿದ ಕೊಡೆ ಕೆಳಗೆ ಕೂತ ಸಮಗಾರ, ಹರಿಹರದಲ್ಲಿ ಬಿದಿರು ಸೀಳುವ ಮೇದಾರ, ನ್ಯಾಮತಿ-ಜಗಳೂರು ಕಡೆಯ ತಾಂಡಾಗಳಲ್ಲಿ ಕನ್ನಡಿ ಚೂರು ಹೊಲೆಯುವ ಲಂಬಾಣಿ ತಾಯಿ ಇದನ್ನು ಕೇಳಿ ತಲೆಯಾಡಿಸುತ್ತಾರೆ. ಒಬ್ಬನಾದರೂ ಎದ್ದು ನಿಂತು "ಪೈಪೋಟಿ ಅಂದ್ರಲ್ಲ ಸ್ವಾಮಿ, ಯಾರ ಜೊತೆ?" ಅಂತ ಕೇಳುವುದಿಲ್ಲ. ಕೇಳಲು ಬಿಡುವುದೂ ಇಲ್ಲ.

ಆ ಪ್ರಶ್ನೆಯನ್ನು ನಾವು ಕೇಳುತ್ತೇವೆ.

ಮೊದಲು ನಮ್ಮ ಹಳೇ ಲೆಕ್ಕ ತೆಗೆಯೋಣ. ಆಯಗಾರಿಕೆಯ ಕಾಲದಲ್ಲಿ ನಮ್ಮ ತಾತಂದಿರು ವರ್ಷವಿಡೀ ಮಿಣಿ ಹೊಸೆದರು, ಬಾರುಕೋಲು ಕಟ್ಟಿದರು, ಗೌಡರ ಕಾಲಿಗೆ ಮೆಟ್ಟು ಹೊಲಿದರು. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಸೆರಗೊಡ್ಡಿದರು. ಎಷ್ಟು ಮೊರ ಜೋಳ ಹಾಕಬೇಕೆಂದು ತೀರ್ಮಾನಿಸಿದವನು ಮೆಟ್ಟು ಹೊಲಿದವನಲ್ಲ, ಕಣದ ಯಜಮಾನ. ಆಮೇಲೆ ದಲಾಲಿ ಬಂತು. ದಾವಣಗೆರೆಯ ಮಂಡಿಗಳನ್ನು ನೋಡಿ ಬೆಳೆದವರಿಗೆ ದಲಾಲಿಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮಾಲು ನಿನ್ನದು, ತಕ್ಕಡಿ ಅವನದು. ಈಗ ಅದೇ ಮಂಡಿ ಮೊಬೈಲಿನೊಳಗೆ ಕೂತಿದೆ. ಯಾರ ಮಾಲು ಮೊದಲ ಪುಟದಲ್ಲಿ ಕಾಣಬೇಕು, ಯಾರದು ಐವತ್ತನೇ ಪುಟದಲ್ಲಿ ಕೊಳೆಯಬೇಕು ಅನ್ನುವುದನ್ನು ಅವನೇ ತೀರ್ಮಾನಿಸುತ್ತಾನೆ. ಎಷ್ಟು ಮುರಿದುಕೊಳ್ಳಬೇಕು ಅನ್ನುವುದೂ ಅವನ ಕೈಲೇ ಇದೆ. ಮೂರು ಕಾಲ ಕಳೆದರೂ ಒಂದು ಮಾತ್ರ ಬದಲಾಗಿಲ್ಲ: ಬೆಲೆ ಕಟ್ಟುವ ಹಕ್ಕು ಕೆಲಸ ಮಾಡುವವನಿಗೆ ಬಂದಿಲ್ಲ.

ಪೈಪೋಟಿ ಅಂಗಡಿಯಲ್ಲಿ ಶುರುವಾಗುತ್ತದೆ ಅಂತ ತಿಳಿಯುವುದು ತಪ್ಪು. ಅದು ಕಾಡಿನಲ್ಲಿ, ಕಚ್ಚಾಮಾಲಿನಲ್ಲಿ ಶುರುವಾಗುತ್ತದೆ. ದಾಂಡೇಲಿಯ ಕಾಗದದ ಕಾರ್ಖಾನೆಗೆ 1958ರಲ್ಲಿ ಸರ್ಕಾರ ಬಿದಿರು ಕೊಟ್ಟದ್ದು ಟನ್ನಿಗೆ ಒಂದೂವರೆ ರೂಪಾಯಿಗೆ. ಮಾಧವ ಗಾಡ್ಗೀಳರು ಇದನ್ನು ದಾಖಲಿಸಿದ್ದಾರೆ. ಅದೇ ಬಿದಿರನ್ನು ಮೇದಾರ ಪೇಟೆಯ ಬೆಲೆಗೆ ಕೊಳ್ಳಬೇಕಿತ್ತು. ಕಾಡಿಗೆ ಹೋಗಿ ಕಡಿದರೆ ಕಳ್ಳನಾಗಬೇಕಿತ್ತು. ಹರಿಹರದ ಹೊಳೆಯಾಚೆ, ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆ ನೆನಪಿರಲಿ. ಆ ಕಾರ್ಖಾನೆಗೆ ಮರ ಒದಗಿಸಲೆಂದು 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಹುಟ್ಟಿಸಿ, ಜನ ದನ ಮೇಯಿಸುತ್ತಿದ್ದ, ಸೌದೆ-ಸೊಪ್ಪು ತರುತ್ತಿದ್ದ ಸುಮಾರು 30,000 ಹೆಕ್ಟೇರ್ ನೆಲದಲ್ಲಿ ನೀಲಗಿರಿ ನೆಡಲು ಹೊರಟರು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ಆ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. 'ಕಿತ್ತಿಕೋ-ಹಚ್ಚಿಕೋ' ಎಂದು ಹೆಸರಾದ ಆ ಹೋರಾಟದ ಬಿಸಿಗೆ 1991ರಲ್ಲಿ ಕಂಪನಿ ಮುಚ್ಚಿತು. ಒಬ್ಬನಿಗೆ ಕಾಡನ್ನೇ ಕಡಿಮೆ ಬೆಲೆಗೆ ಬರೆದುಕೊಟ್ಟು, ಇನ್ನೊಬ್ಬನ ಕೈಯಲ್ಲಿ ಬರೀ ಕುಡುಗೋಲು ಬಿಟ್ಟು, "ಇಬ್ಬರೂ ಓಡಿ, ಗೆದ್ದವನಿಗೆ ಮಾಲೆ" ಅನ್ನುವುದು ಪೈಪೋಟಿಯಲ್ಲ, ಹುನ್ನಾರ.

ಈಗ ಇವತ್ತಿನ ಲೆಕ್ಕ. ಒಂದು ಜೊತೆ ಕೈಚಪ್ಪಲಿಗೆ 800 ರೂಪಾಯಿ ಬೆಲೆ ಅಂತ ಇಟ್ಟುಕೊಳ್ಳಿ. ಚರ್ಮ, ಅಟ್ಟೆ, ದಾರಕ್ಕೆ 350 ಹೋಯಿತು. ಎರಡು ದಿನದ ದುಡಿಮೆ. ಮನೆ ಬಾಗಿಲಲ್ಲೇ ಮಾರಿದರೆ 450 ಉಳಿಯಿತು. ಜಾಲತಾಣದಲ್ಲಿ ಮಾರಿದರೆ ಕಮಿಷನ್ನು, ರಟ್ಟಿನ ಡಬ್ಬಿ, ಕೊರಿಯರ್ ಸೇರಿ 150 ಕಳೆಯಿರಿ. ಉಳಿದದ್ದು 300, ಅಂದರೆ ದಿನಕ್ಕೆ 150. ಪಕ್ಕದಲ್ಲೇ ಯಂತ್ರದ ಮಾಲು 300ಕ್ಕೆ ಕಾಣುತ್ತಿದೆ, "ನೀನೂ ಇಳಿಸು" ಅನ್ನುತ್ತಾರೆ. 600ಕ್ಕೆ ಇಳಿಸಿದರೆ ಕೈಗೆ ಉಳಿಯುವುದು 100, ದಿನಕ್ಕೆ 50. ಕೊಂಡವನು "ಬಣ್ಣ ಫೋಟೋದಂಗಿಲ್ಲ" ಅಂತ ವಾಪಸು ಕಳಿಸಿದರೆ ಆ ಐವತ್ತೂ ಹೋಯಿತು. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ದಿನಗೂಲಿ 370 ರೂಪಾಯಿ ಆಗಿತ್ತು. ಗುಂಡಿ ತೋಡುವ ಕೂಲಿಯ ಕಾಲುಭಾಗವೂ ಸಿಗದ ಈ ಆಟಕ್ಕೆ 'ಉದ್ಯಮಶೀಲತೆ' ಎಂದು ಹೆಸರು!

ಬೆಲೆ ಇಳಿಸುವ ಆಟದಲ್ಲಿ ಕೈಕೆಲಸದವನು ಎಂದೂ ಗೆಲ್ಲಲಾರ. ಅವನ ಕೈಯಲ್ಲಿ ಇಳಿಸಲು ಇರುವುದು ಒಂದೇ, ಅವನ ಕೂಲಿ. ಕೂಲಿ ಇಳಿಸುವುದೆಂದರೆ ಮಕ್ಕಳ ಅನ್ನ ಇಳಿಸುವುದು.

"ಹಾಗಾದರೆ ಹೊಸ ವಿನ್ಯಾಸ ಮಾಡಿ" ಅನ್ನುತ್ತಾರೆ ಪಂಡಿತರು. ಮಾಡಿದ್ದೇವೆ ಸ್ವಾಮಿ. ನಮ್ಮ ಹೆಣ್ಣುಮಕ್ಕಳು ಹೊಲಿದ ಚೀಲದ ಚಿತ್ರವನ್ನು ಒಂದು ಜಾಲತಾಣದಲ್ಲಿ ಹಾಕಿದೆವು. ಸ್ವಲ್ಪ ದಿನಕ್ಕೆ ಅದೇ ಕಸೂತಿ ಯಂತ್ರದಲ್ಲಿ ಅಚ್ಚಾಗಿ ಬಂತು, ಕಾಲುಭಾಗದ ಬೆಲೆಗೆ. ಹೊಲಿಗೆ ಹಾಕಿದ ಬೆರಳಿಗೆ ಸೂಜಿ ಚುಚ್ಚಿದ ಗಾಯ ಇನ್ನೂ ಮಾಗಿರಲಿಲ್ಲ. ದೂರು ಕೊಟ್ಟರೆ ಉತ್ತರಿಸಿದ್ದು ಮನುಷ್ಯನಲ್ಲ, ಯಂತ್ರ. ಇದು ನಮ್ಮೊಬ್ಬರ ಪಾಡಲ್ಲ. 2021ರ ಅಕ್ಟೋಬರಿನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಅಮೆಜಾನಿನ ಒಳಗಿನ ಕಾಗದಪತ್ರ ನೋಡಿ ವರದಿ ಮಾಡಿತು: ಭಾರತದಲ್ಲಿ ಬೇರೆಯವರ ಚೆನ್ನಾಗಿ ಓಡುವ ಮಾಲನ್ನು ನಕಲು ಮಾಡಿ, ತನ್ನ ಮಾಲೇ ಮೊದಲು ಕಾಣುವಂತೆ ಮಾಡಲಾಗುತ್ತಿದೆ ಎಂದು. ಕಂಪನಿ ಅದನ್ನು ಅಲ್ಲಗಳೆಯಿತು. ಅಲ್ಲಗಳೆಯದೆ ಇನ್ನೇನು ಮಾಡೀತು?

ಕಾನೂನು ಇದೆಯಲ್ಲ ಅನ್ನಬಹುದು. ಇದೆ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ, ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಚಪ್ಪಲಿಯ ಗುರುತು ಮಹಾರಾಷ್ಟ್ರದ 4, ಕರ್ನಾಟಕದ 4 ಜಿಲ್ಲೆಗಳಿಗೆ; ನಮ್ಮಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ದಾವಣಗೆರೆ ಜಿಲ್ಲೆಯ ಸಮಗಾರ ಅದೇ ಉಳಿ, ಅದೇ ರಂಪಿಗೆಯಲ್ಲಿ ಅದೇ ಚಪ್ಪಲಿ ಮಾಡಿದರೂ ಆ ಹೆಸರು ಬಳಸುವಂತಿಲ್ಲ. ಆದರೆ ಮೊಬೈಲಿನಲ್ಲಿ ಹುಡುಕಿ ನೋಡಿ: ರೆಕ್ಸಿನ್ನು, ರಬ್ಬರಿನ 'ಕೊಲ್ಹಾಪುರಿ'ಗಳು ರಾಶಿ ಬಿದ್ದಿವೆ. ಬೇಲಿ ಬಡವನನ್ನು ತಡೆದಿದೆ, ಗೂಳಿಯನ್ನಲ್ಲ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ವೇದಿಕೆಯ ಮೇಲೆ ಅದೇ ಚಪ್ಪಲಿ ಮೆರೆಸಿತು, ಹೆಸರೆತ್ತದೆ. ಗಲಾಟೆ ಆದಮೇಲೆ ಮೂಲ ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಮತ್ತು ಕರ್ನಾಟಕದ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದ ಮಾಡಿ, 2,000 ಜೊತೆ ಮಾಡಿಸುವುದಾಗಿ, ಒಂದು ಜೊತೆಗೆ ಸುಮಾರು 800 ಯೂರೋ ಬೆಲೆ ಇಡುವುದಾಗಿ ಹೇಳಿತು. ಇದರಿಂದ ನಾವು ಕಲಿಯುವುದು ಎರಡು. ಒಂದು, ಗಲಾಟೆ ಮಾಡದೆ ಯಾವನೂ ಹೆಸರೆತ್ತುವುದಿಲ್ಲ. ಎರಡು, ನಮ್ಮ ಕೆಲಸಕ್ಕೆ ಬೆಲೆ ಇಲ್ಲ ಅನ್ನುವುದು ಸುಳ್ಳು. ಬೆಲೆ ಇದೆ. ಅದು ನಮ್ಮ ಕೈಗೆ ಬರುತ್ತಿಲ್ಲ, ಅಷ್ಟೆ.

ಜಾತಿಯ ಮಾತು ಬಿಟ್ಟು ಈ ಲೆಕ್ಕ ಮುಗಿಯುವುದಿಲ್ಲ. ನಿಜ ಹೇಳಬೇಕು: ನಾವು ಮೊಬೈಲಿನ ವಿರೋಧಿಗಳಲ್ಲ. ಸಂತೆಯಲ್ಲಿ ದುಡ್ಡು ಎಸೆದು, ಕೈ ತಾಗದಂತೆ ಮಾಲು ಎತ್ತಿಕೊಳ್ಳುತ್ತಿದ್ದ ಗಿರಾಕಿಯ ಮುಖ ಅಲ್ಲಿ ನೋಡಬೇಕಿಲ್ಲ. ಅದು ಸಣ್ಣ ಬಿಡುಗಡೆಯೇ. ಆದರೆ ಅಲ್ಲಿಯೂ ನಮ್ಮ ಹುಡುಗರು ಅಂಗಡಿ ತೆರೆಯುವಾಗ ಮನೆತನದ ಹೆಸರು ಮುಚ್ಚಿಡುತ್ತಾರಲ್ಲ, ಯಾಕೆ? ಕೊಳ್ಳುವವನಿಗೆ 'ಪರಂಪರೆ' ಬೇಕು, ಪರಂಪರೆಯ ಮನುಷ್ಯ ಬೇಡ. ಹರಳಯ್ಯನ ಕಥೆಗೆ ಕೈಮುಗಿಯುತ್ತಾನೆ, ಹರಳಯ್ಯನ ಮೊಮ್ಮಗನಿಗೆ ಬಾಡಿಗೆ ಮನೆ ಕೊಡುವುದಿಲ್ಲ. ಊರೊಳಗೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಾಗಿದ್ದವರ ಮಕ್ಕಳಿಗೆ ಇವತ್ತು 'ನಿಮ್ಮ ಕಥೆ ಹೇಳಿ, ಕಥೆ ಮಾರಾಟವಾಗ್ತದೆ' ಅಂತ ಪಾಠ! ಯಾವ ಕಥೆ ಹೇಳಬೇಕು? ಪೂರ್ತಿ ಕಥೆ ಹೇಳಿದರೆ ಕೊಳ್ಳುತ್ತೀರಾ?

ನಮ್ಮೊಳಗೇ ಒಂದು ಪ್ರಶ್ನೆ ಏಳುತ್ತದೆ. ಓದಿದ ತಮ್ಮಂದಿರು ಕೇಳುತ್ತಾರೆ: "ಅಣ್ಣಾ, ಜಾತಿ ಕಸುಬು ಬಿಡ್ರಿ ಅಂತ ಬಾಬಾಸಾಹೇಬರೇ ಹೇಳಿಲ್ಲೇನು? ಇದನ್ನ ಉಳಿಸಾಕ ನಾವ್ಯಾಕ ಹೊಡೆದಾಡಬೇಕು?" ಪ್ರಶ್ನೆ ಸರಿಯಾಗಿದೆ. ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಹುಟ್ಟಿದ ಹರಿಹರದಲ್ಲಿ ನಿಂತು ಇದಕ್ಕೆ ಜಾರಿಕೆಯ ಉತ್ತರ ಕೊಡಲಾಗದು. ಬಿಡುವ ಹಕ್ಕು ನಮ್ಮದು. ಯಾವ ಮಗುವೂ ಅಪ್ಪನ ರಂಪಿಗೆಗೆ ಹುಟ್ಟಿನಿಂದ ಕಟ್ಟುಬಿದ್ದಿಲ್ಲ. 'ಕಲೆ ಉಳಿಸಿ' ಎನ್ನುತ್ತಾ ನಮ್ಮ ಮಕ್ಕಳನ್ನು ಶಾಲೆ ಬಿಡಿಸುವವನು ನಮ್ಮ ವೈರಿ. ಆದರೆ ಬಿಡುವುದು ಬೇರೆ, ಸೋತು ಓಡುವುದು ಬೇರೆ. ಬೆಲೆ ಸಿಗದೆ ಬಿಟ್ಟವನು ಮೇಲೇರುವುದಿಲ್ಲ, ಬೆಂಗಳೂರಿನ ಕಟ್ಟಡದ ಕೆಳಗೆ ಸಿಮೆಂಟ್ ಹೊರುತ್ತಾನೆ. ಇವತ್ತು ಅದೇ ಕೆಲಸದಿಂದ ಅನ್ನ ಉಣ್ಣುವ ಅಪ್ಪ-ಅವ್ವಂದಿರಿಗೆ ನ್ಯಾಯದ ಬೆಲೆ ಕೇಳುವುದು ಜಾತಿಗೆ ಜೋತುಬೀಳುವುದಲ್ಲ. ಆ ಬೆಲೆ ಬಂದರೇ ಮುಂದಿನ ತಲೆಮಾರು ತನಗೆ ಬೇಕಾದ್ದನ್ನು ಆರಿಸಿಕೊಳ್ಳಲು ಸಾಧ್ಯ.

ಹಾಗಾದರೆ ಮಾಡುವುದೇನು?

1. ಒಂಟಿಯಾಗಿ ಅಂಗಡಿ ತೆರೆಯುವುದು ಬೇಡ. ಅಥಣಿಯಲ್ಲಿ ಚಪ್ಪಲಿ ಮಾಡುವ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳು 'ಟೋಹೋಲ್ಡ್' ಎಂಬ ಒಂದೇ ಹೆಸರಿನಲ್ಲಿ ಸೇರಿ ಹೊರದೇಶಕ್ಕೂ ಮಾಲು ಕಳಿಸಿದ್ದುಂಟು. ಹರಿಹರ-ದಾವಣಗೆರೆಯ ಸಮಗಾರ, ಮೇದಾರ, ಲಂಬಾಣಿಗಳು ಒಂದೇ ಸಂಘ, ಒಂದೇ ಹೆಸರು, ಒಂದೇ ದಾಸ್ತಾನು ಕಟ್ಟಬೇಕು.

2. ಸಂಘ ಒಂದು ಕನಿಷ್ಠ ಬೆಲೆ ಕಟ್ಟಬೇಕು. ಕೂಲಿಯನ್ನು ಮೊದಲು ಬರೆದು, ಆಮೇಲೆ ಉಳಿದ ಖರ್ಚು ಸೇರಿಸಬೇಕು. ಅದಕ್ಕಿಂತ ಕೆಳಗೆ ಯಾರೂ ಇಳಿಯಕೂಡದು.

3. 1976ರಿಂದ ಇರುವ ಚರ್ಮೋದ್ಯಮ ನಿಗಮ ಲಿಡ್ಕರ್ ಯಾರಿಗಾಗಿ? ಅದರ ಮಳಿಗೆಯಲ್ಲಿ, ಅದರ ಜಾಲತಾಣದಲ್ಲಿ ಕೇರಿಯ ಮಾಲಿಗೆ ಕಮಿಷನ್ ಇಲ್ಲದ ಜಾಗ ಬೇಕು. ಚರ್ಮ, ಬಿದಿರು ಕಾರ್ಖಾನೆಗೆ ಸಿಗುವ ದರದಲ್ಲಿ ನಮಗೂ ಸಿಗಬೇಕು.

4. ಯಂತ್ರದ ಮಾಲಿಗೆ 'ಕೈಕೆಲಸ' ಎಂದು ಬರೆದು ಮಾರುವುದು ಮೋಸ. ಮಾರುವವನ ಜೊತೆ ಜಾಲತಾಣಕ್ಕೂ ದಂಡ ಬೀಳಬೇಕು.

5. ತೆರಿಗೆಯ ಹೆದರಿಕೆ ಕಳೆಯಬೇಕು. 2025ರ ಜುಲೈನಲ್ಲಿ ಫೋನ್‌ಪೇ, ಗೂಗಲ್‌ಪೇ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಬಂದಾಗ, ಪಕ್ಕದ ಹಾವೇರಿಯ ತರಕಾರಿ ಮಾರುವವನಿಗೇ 29 ಲಕ್ಷದ ನೋಟೀಸು ಹೋಗಿತ್ತು. ಜಾಲತಾಣದಲ್ಲಿ ಮಾರುವ ಸಣ್ಣವರಿಗೆ 2023ರ ಅಕ್ಟೋಬರಿನಿಂದ ಕೊಟ್ಟ ಜಿಎಸ್‌ಟಿ ನೋಂದಣಿಯ ವಿನಾಯಿತಿ ರಾಜ್ಯದೊಳಗಿನ ಮಾರಾಟಕ್ಕಷ್ಟೆ. ಗಡಿ ದಾಟಿದ ಮಾರಾಟಕ್ಕೂ ಅದು ಬೇಕು.

ಮೇಷ್ಟ್ರುಗಳಿಗೆ ಒಂದು ಮಾತು. ಸರ್ಕಾರಿ ಶಾಲೆ ಮಕ್ಕಳ ಶೂ ಕೊಳ್ಳುವುದು ನಿಮ್ಮ ಎಸ್‌ಡಿಎಂಸಿ. ಆ ದರಕ್ಕೆ ಚರ್ಮದ ಜೋಡು ಬರುವುದಿಲ್ಲ, ಗೊತ್ತು. ದರ ಏರಿಸಿ, ಊರ ಸಮಗಾರರ ಸಂಘಕ್ಕೇ ಕೊಡಿ ಎಂದು ಸಭೆಯಲ್ಲಿ ಠರಾವು ಬರೆಯಿರಿ. ಒಂದು ಠರಾವಿನಿಂದ ಏನಾದೀತು ಅನ್ನಬೇಡಿ, ನೂರು ಶಾಲೆಯಿಂದ ಬರಲಿ. ವಿದ್ಯಾರ್ಥಿ ಗೆಳೆಯರೇ, ನಿಮಗೆ ಫೋಟೋ ತೆಗೆಯಲು, ಲೆಕ್ಕ ಬರೆಯಲು, ಇಂಗ್ಲಿಷಿನ ಷರತ್ತು ಓದಿ ಹೇಳಲು ಬರುತ್ತದೆ. ವಾರಕ್ಕೊಂದು ದಿನ ಕೇರಿಗೆ ಬನ್ನಿ. ಉಪದೇಶ ಬೇಡ, ಆ ಷರತ್ತುಗಳನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಸಾಕು.

ಇದೆಲ್ಲ ಆಗದ ಮಾತು ಅನ್ನುವವರು ಒಂದು ಸಂಗತಿ ಕೇಳಲಿ. ಅಮೆರಿಕದ 'ಎಟ್ಸಿ' ಎಂಬ ಕೈಕೆಲಸದ ಜಾಲತಾಣ 2022ರಲ್ಲಿ ತನ್ನ ಶುಲ್ಕವನ್ನು ಶೇಕಡಾ 5ರಿಂದ 6.5ಕ್ಕೆ ಏರಿಸಿತು. ಮನೆಯಲ್ಲಿ ಒಂಟಿ ಕೂತು ಹೆಣೆಯುವ, ಹೊಲಿಯುವ ಸಾವಿರಾರು ಜನ ಏಪ್ರಿಲ್‌ನಲ್ಲಿ ಒಂದು ವಾರ ತಮ್ಮ ಅಂಗಡಿಗಳ ಬಾಗಿಲು ಹಾಕಿದರು. ಶುಲ್ಕ ಇಳಿಯಲಿಲ್ಲ. ಆದರೆ ಒಬ್ಬರನ್ನೊಬ್ಬರು ವೈರಿ ಅಂದುಕೊಂಡಿದ್ದವರು ತಮ್ಮ ವೈರಿ ಯಾರೆಂದು ಕಂಡುಕೊಂಡರು.

ನಾವೂ ಕಂಡುಕೊಳ್ಳಬೇಕಾದ್ದು ಅದನ್ನೇ. ಪಕ್ಕದ ಗುಡಿಸಲಲ್ಲಿ ಹತ್ತು ರೂಪಾಯಿ ಕಡಿಮೆಗೆ ಮಾರುವ ಅಣ್ಣ ನಮ್ಮ ಪ್ರತಿಸ್ಪರ್ಧಿಯಲ್ಲ. ಅವನ ಹೊಟ್ಟೆಯೂ ನಮ್ಮ ಹಾಗೇ ಖಾಲಿ. ನಮ್ಮ ಜಗಳ ತಕ್ಕಡಿ ಹಿಡಿದ ಕೈಯ ಜೊತೆ. ಹೊಲಿದ ಕೈಯೇ ಬೆಲೆಯನ್ನೂ ಬರೆಯುವ ತನಕ ಈ ಜಗಳ ನಿಲ್ಲುವುದಿಲ್ಲ.