ಹಗುರವಾದ ಒಲೆ, ಭಾರವಾದ ಹೊಣೆ

ಬೆಳಗಾವಿಯ ಕ್ಯಾಂಪ್‌ನಿಂದ ಬೆನ್ನುಚೀಲ ಹೊತ್ತು ಖಾನಾಪುರದ ಬೆಟ್ಟಗಳಿಗೆ ಹೊರಡುವ ವಿದ್ಯಾರ್ಥಿಗಳು ಒಲೆಯನ್ನು ಆರಿಸುವಾಗ ಮೊದಲು ಕೇಳುವುದು ಅದರ ತೂಕವನ್ನು. ಕೇಳಬೇಕಾದದ್ದು ಅದು ಎಷ್ಟು ಬೇಗ ಆರುತ್ತದೆ ಎಂಬುದನ್ನು.

ಸ್ಪಿರಿಟ್ ಒಲೆ ಬಹು ಹಗುರ. ಆದರೆ ಸಾಮಾನ್ಯವಾಗಿ ಅದಕ್ಕೆ ತಿರುಪಿರುವುದಿಲ್ಲ. ಹಗಲು ಬೆಳಕಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಬೀಳುವುದೂ ಕಷ್ಟ. ಉರುಳಿದರೆ ಉರಿಯುವ ದ್ರವ ತರಗೆಲೆಯ ಮೇಲೆ ಹರಿಯುತ್ತದೆ. ಪಂಪಿನ ಸೀಮೆಎಣ್ಣೆ ಸ್ಟೌ ಗಟ್ಟಿಮುಟ್ಟು, ಆದರೆ ಭಾರ. ಹೊತ್ತಿಸುವಾಗ ಭುಗಿಲೇಳುವುದೂ ಉಂಟು. ಸಣ್ಣ ಗ್ಯಾಸ್ ಡಬ್ಬಿಯ ಒಲೆಯಾದರೋ ತಿರುಪು ತಿರುಗಿಸಿದೊಡನೆ ಆರುತ್ತದೆ. ಬ್ಯೂಟೇನ್ ಅನಿಲ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗದೆ ಸತಾಯಿಸುತ್ತದೆ. ಹಿಮಾಲಯದ ಆ ತೊಡಕು ಸಹ್ಯಾದ್ರಿಯಲ್ಲಿಲ್ಲ. ಆದ್ದರಿಂದ ಇಲ್ಲಿಗೆ ಅದೇ ಯೋಗ್ಯ. ಖಾಲಿ ಡಬ್ಬಿ ಮಾತ್ರ ಹೊತ್ತವರ ಚೀಲದಲ್ಲೇ ಊರಿಗೆ ಮರಳಬೇಕು. ರೈಲಿನಲ್ಲಿ ಗ್ಯಾಸ್, ಸೀಮೆಎಣ್ಣೆ ಒಯ್ಯುವುದು ನಿಷಿದ್ಧವೆಂಬುದನ್ನು ಲೋಂಡಾದಲ್ಲಿ ಇಳಿಯುವವರು ಮರೆಯಬಾರದು.

ಆದರೂ ಎಲ್ಲ ಕಡೆಗೂ ಒಲೆ ಸಲ್ಲದು. 2011ರಲ್ಲಿ ಘೋಷಿತವಾದ ಭೀಮಗಡ ವನ್ಯಜೀವಿಧಾಮಕ್ಕೆ ಹೊರಗಿನವರು ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನು 1972ರ ವನ್ಯಜೀವಿ ಕಾಯ್ದೆ ನಿಷೇಧಿಸಿದೆ. ಬೇಸಿಗೆಯಲ್ಲಿ ಒಂದು ಕಿಡಿ ಸಾಕು. ಚಾರಣಿಗರು ಸಂಜೆಗೆ ಪಟ್ಟಣ ಸೇರುತ್ತಾರೆ. ಮೇವು, ಜೇನು, ಮುರುಗಲು ಕಳೆದುಕೊಳ್ಳುವವರು, ಅನುಮಾನಕ್ಕೆ ಮೊದಲು ಗುರಿಯಾಗುವವರು ಹಳ್ಳಿಗರು.

ಅಂಥಲ್ಲಿಗೆ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿ ಸಾಕು. ಬಿಸಿಯೂಟ ಬೇಕಾದವರು ಕಾಡಂಚಿನ ಹಳ್ಳಿಯ ಮನೆಯಲ್ಲಿ ಹಣ ಕೊಟ್ಟು ಉಣ್ಣಲಿ. ಆ ಹಣ ಕಾಡಿನ ನಡುವೆ ಬಾಳುವವರ ಮನೆಗೇ ಸೇರುತ್ತದೆ.