ಮೀಟರ್ ಸರಿ ಮಾಡಿಸಿದ್ದೇ ತಪ್ಪಾಯಿತೇ?

ಮಾನ್ಯರೇ,

ಕೋಲ್ಕತ್ತದ ಸಾರಿಗೆ ಕಚೇರಿಯೊಂದರಲ್ಲಿ ವಾಹನ ತಪಾಸಣೆಯ ಹೊಣೆ ಹೊತ್ತಿರುವ ತಮಗೆ ಅರ್ಜಿ ಕೊಟ್ಟೆ, ನೆನಪೋಲೆ ಕಳಿಸಿದೆ, ತಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ ಕಾದೆ. ತಾವು ಕನ್ನಡ ಪತ್ರಿಕೆ ತರಿಸಿ ಓದುವವರು ಎಂದು ಗೊತ್ತಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಂಬಾಸಿಡರ್ ತಮಗೆ ನೆನಪಿರಬೇಕು. ಉತ್ತರಪಾರಾ ಕಾರ್ಖಾನೆ ಅದರ ತಯಾರಿಕೆ ನಿಲ್ಲಿಸಿದ್ದು 2014ರಲ್ಲಿ. ಆಮೇಲೆ ಬಿಡಿಭಾಗಗಳ ಪಾಡು ಮಲ್ಲಿಕ್ ಬಜಾರಿನಲ್ಲಿ ಅಲೆದವರಿಗೇ ಗೊತ್ತು. ಡಿಫರೆನ್ಷಿಯಲ್ ಕೂಗಲು ಶುರುವಾದಾಗ, ಮೊದಲಿದ್ದ 39-8 ಹಲ್ಲಿನ ಕ್ರೌನ್-ಪಿನಿಯನ್ ಸಿಗದೆ 41-9ರ ಜೋಡಿ ಹಾಕಿಸಿದೆ. ಅನುಪಾತ 4.875ರಿಂದ 4.556ಕ್ಕೆ ಇಳಿಯಿತು.

ಮೀಟರಿನ ಕೇಬಲ್ ತಿರುಗುವುದು ಗೇರ್‌ಬಾಕ್ಸಿನ ಹಿಂತುದಿಯಿಂದ, ಚಕ್ರದಿಂದಲ್ಲ. ಡಿಫರೆನ್ಷಿಯಲ್ ಬದಲಾದದ್ದು ಅದಕ್ಕೆ ತಿಳಿಯುವುದೇ ಇಲ್ಲ. ಮುಳ್ಳು 60 ತೋರಿಸುವಾಗ ಗಾಡಿ 64ರಲ್ಲಿ ಓಡುತ್ತಿತ್ತು. ಕಿಲೋಮೀಟರ್ ಲೆಕ್ಕವೂ ಅಷ್ಟೇ ಹಿಂದೆ ಬೀಳುತ್ತಿತ್ತು. ಮೀಟರ್ ಬಿಚ್ಚಿ ಒಳಗಿನ ಸ್ಪ್ರಿಂಗ್ ಸಡಿಲಿಸಿದರೆ ಮುಳ್ಳು ಸರಿಹೋದೀತು, ಕಿಲೋಮೀಟರ್ ಲೆಕ್ಕ ಸರಿಹೋಗದು. ಅದಕ್ಕೇ ಲೇತ್ ಅಂಗಡಿಯಲ್ಲಿ ಒಂದು ಪುಟ್ಟ ಗೇರುಪೆಟ್ಟಿಗೆ ಮಾಡಿಸಿ ಕೇಬಲ್ಲಿನ ನಡುವೆ ಕೂರಿಸಿದೆ. ಗೇರ್‌ಬಾಕ್ಸಿನ ಕಡೆ 14 ಸುತ್ತು ತಿರುಗಿದರೆ ಮೀಟರಿನ ಕಡೆ 15. ಬೆಂಕಿಪೊಟ್ಟಣದಷ್ಟು ಗಾತ್ರ, ಒಳಗೆ ಗ್ರೀಸ್, ಎರಡು ತುದಿಗೂ ತಿರುಪಿನ ನಟ್ಟು. ಅದನ್ನು ತಮ್ಮ ಮೇಜಿನ ಮೇಲಿಟ್ಟು, ಹಲ್ಲಿನ ಲೆಕ್ಕವನ್ನೂ ಬರೆದುಕೊಟ್ಟೆ.

ಆಗ ತಾವೇ ಹೇಳಿದಿರಿ: "ನಾನೇ ಕೂತು ಓಡಿಸಿ ನೋಡ್ತೀನಿ ಬಿಡಿ ಸಾರ್." ನಂಬಿದೆ. ತಾವು ಕೂರಲಿಲ್ಲ, ಗಾಡಿಯ ಚಕ್ರ ಒಂದು ಸುತ್ತೂ ಉರುಳಲಿಲ್ಲ. ಗುಮಾಸ್ತರ ಕೈಯಲ್ಲಿ ಬಂದ ಕಾಗದದಲ್ಲಿ "ಮೀಟರ್ ತಿದ್ದಲಾಗಿದೆ" ಎಂದಿತ್ತು. ತಿದ್ದಿದ್ದು ಹೌದು. ತಪ್ಪಿದ್ದದ್ದನ್ನು ತಿದ್ದಿದೆ! ಕಿಲೋಮೀಟರ್ ಕದ್ದು ಗಾಡಿ ಮಾರುವವನ ಸಾಲಿಗೆ ನನ್ನನ್ನೇಕೆ ಸೇರಿಸಿದಿರಿ? ನನ್ನ ಪೆಟ್ಟಿಗೆಯಿಂದ ಓಡಿದ ಲೆಕ್ಕ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಅಷ್ಟು ಗಣಿತವೂ ಬೇಡವಾಯಿತೇ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 117ನೆಯದು ಸ್ಪೀಡೋಮೀಟರ್ ಇರಲೇಬೇಕೆನ್ನುತ್ತದೆ. ವೇಗ ಮೀರಿದರೆ ಕಾರಿನವನಿಗೆ ಕಾಯ್ದೆಯ 183ನೇ ಕಲಮಿನಡಿ 1,000ದಿಂದ 2,000 ರೂಪಾಯಿ ದಂಡ. ಕ್ಯಾಮೆರಾದ ಮುಂದೆ "ಮುಳ್ಳು ಸುಳ್ಳು ಹೇಳಿತು ಸ್ವಾಮಿ" ಎಂದರೆ ಬಿಡುತ್ತಾರೆಯೇ? ಈ ಊರಲ್ಲಿ ಮುಳ್ಳು ಸೊನ್ನೆಯಿಂದ ಏಳದ ಎಷ್ಟು ಹಳದಿ ಟ್ಯಾಕ್ಸಿಗಳಲ್ಲಿ ನಾನು ಕೂತಿಲ್ಲ! ದಪ್ಪ ಟೈರು ಏರಿಸಿಕೊಂಡು ಮೀಟರಿನ ಗೊಡವೆಗೇ ಹೋಗದ ಜೀಪುಗಳೆಷ್ಟಿಲ್ಲ! ಅವರ್‍ಯಾರೂ ನಿಮಗೆ ಲೆಕ್ಕ ಬರೆದುಕೊಟ್ಟಿರಲಾರರು, ಕೊಟ್ಟವನು ಸಿಕ್ಕಿಬಿದ್ದ. ಹಳೇ ಗಾಡಿ ಎಂದರೆ ಗುಜರಿ ಎಂದು ಮೊದಲೇ ತೀರ್ಮಾನಿಸಿದ್ದರೆ ತಪಾಸಣೆಯ ಶುಲ್ಕ ಕಟ್ಟಿಸಿಕೊಂಡದ್ದೇಕೆ?

ಈಗಲೂ ಕೇಳುವುದು ಕೊಟ್ಟ ಮಾತನ್ನೇ. ಕೆಳಗಿಳಿದು ಬನ್ನಿ, ಪಕ್ಕದ ಸೀಟಿನಲ್ಲಿ ಕೂರಿ, ಕೈಯಲ್ಲಿ ನಿಮ್ಮದೇ ಜಿಪಿಎಸ್ ಹಿಡಿಯಿರಿ, ಬೈಪಾಸಿನಲ್ಲಿ ಐದು ಕಿಲೋಮೀಟರ್ ಹೋಗಿ ಬರೋಣ. ಮುಳ್ಳು ತಪ್ಪಿದರೆ ಗಾಡಿಯನ್ನು ನಾನೇ ಗುಜರಿಗೆ ಹಾಕುತ್ತೇನೆ. ಬರಲಾಗದಿದ್ದರೆ "ತಿದ್ದಲಾಗಿದೆ" ಎಂಬ ಆ ಸಾಲನ್ನು ಕಡತದಿಂದ ಹೊಡೆದುಹಾಕಿ, ಹಾಗೆಂದು ಲಿಖಿತವಾಗಿ ತಿಳಿಸಿ.

ಇಂತಿ,
ಕೋಲ್ಕತ್ತದ ಒಬ್ಬ ಕನ್ನಡಿಗ